ಕಸ ರೈತನದು, ರಸ ಯಾರದು?

ಕಾರ್ತಿಕವೆಂದರೆ ನಮ್ಮ ನಾಡಿನಲ್ಲಿ ದೀಪಗಳ ಮಾಸ. ರಾಜಧಾನಿಯಲ್ಲಿ ನೆಲೆಸಿರುವ ನಮಗೆ ಅದು ಹೊಗೆಯ ಮಾಸವೂ ಆಗಿ ಎಷ್ಟೋ ವರ್ಷಗಳು ಸಂದವು. ಒಂದು ಕಡೆ ರಾಜ್ಯೋತ್ಸವದ ಸಿದ್ಧತೆ ನಡೆದಿರುತ್ತದೆ. ಇನ್ನೊಂದು ಕಡೆ ಮಕ್ಕಳ ಶಾಲೆಗಳು ಮುಚ್ಚುತ್ತವೆ, ವಯಸ್ಸಾದವರು ಬೆಳಗಿನ ನಡಿಗೆಯನ್ನು ಬಿಡುತ್ತಾರೆ, ದಮ್ಮಿನ ಕಾಯಿಲೆಯವರು ಊರಿನ ಕಡೆಗೆ ರೈಲು ಹತ್ತುತ್ತಾರೆ. ಆ ದಿನಗಳಲ್ಲಿ ನಾಲ್ವರು ಕನ್ನಡಿಗರು ಕೂಡಿದಲ್ಲಿ ಮಾತು ತಪ್ಪದೆ ಪಂಜಾಬಿನ ರೈತನತ್ತ ಹೊರಳುತ್ತದೆ. ಅವನು ಹುಲ್ಲು ಸುಡುತ್ತಾನೆ, ನಾವು ಕೆಮ್ಮುತ್ತೇವೆ. ಅವನಿಗೆ ದಂಡ ವಿಧಿಸಬೇಕು, ಸಾಲದಿದ್ದರೆ ಜೈಲಿಗೆ ಕಳಿಸಬೇಕು ಎಂಬ ತೀರ್ಪು ಚಹಾ ಆರುವುದರೊಳಗೆ ಹೊರಬೀಳುತ್ತದೆ.

ಹೀಗೆ ತೀರ್ಪು ಕೊಡುವ ನಮ್ಮಲ್ಲಿ ಹೆಚ್ಚಿನವರು ಒಂದೆರಡು ತಲೆಮಾರಿನ ಹಿಂದೆ ಹೊಲಗದ್ದೆಗಳಿಂದ ಎದ್ದು ಬಂದವರು. ಹುಲ್ಲನ್ನು ಬಣವೆ ಒಟ್ಟಿ ವರ್ಷವಿಡೀ ಕಾಪಾಡುತ್ತಿದ್ದ ಮನೆಗಳ ಮಕ್ಕಳು. ಬಣವೆಗೆ ಕಿಡಿ ತಗುಲಿತೆಂದರೆ ಊರಿಗೆ ಊರೇ ಕೊಡ ಹಿಡಿದು ಓಡುತ್ತಿದ್ದ ಕಾಲವನ್ನು ಹಿರಿಯರ ಬಾಯಿಂದ ಕೇಳಿ ಬಲ್ಲವರು. ಅಂಥಲ್ಲಿ ಒಬ್ಬ ರೈತ ತನ್ನ ಬೆಳೆಯ ಹುಲ್ಲಿಗೆ ತಾನೇ ಬೆಂಕಿ ಇಡುತ್ತಾನೆಂದರೆ ಅದರ ಹಿಂದೆ ಬಲವಾದ ಕಾರಣ ಇರಲೇಬೇಕೆಂಬ ಶಂಕೆ ಇತರರಿಗಿಂತ ಮೊದಲು ನಮಗೆ ಹುಟ್ಟಬೇಕು. ಆ ಕಾರಣವನ್ನು ಹುಡುಕುತ್ತ ಹೋದರೆ ವಿಷಯ ಹೊಗೆಯಲ್ಲಿ ಮುಗಿಯುವುದಿಲ್ಲ. ಬೆಳೆಯ ಒಡೆತನದ, ಬೆಲೆಯ ಮತ್ತು ನ್ಯಾಯದ ಪ್ರಶ್ನೆಯಾಗಿ ನಮ್ಮ ಮಂಡ್ಯ ಬೆಳಗಾವಿಗಳವರೆಗೂ ಬಂದು ನಿಲ್ಲುತ್ತದೆ. ಈ ಸಂಚಿಕೆಯಲ್ಲಿ ಅದನ್ನೇ ಓದುಗರ ಮುಂದಿಡಲು ಬಯಸುತ್ತೇವೆ.

ಪಂಜಾಬು ಮೂಲತಃ ಭತ್ತದ ನಾಡಲ್ಲ. 1960-61ರಲ್ಲಿ ಅಲ್ಲಿ ಭತ್ತ ಬೆಳೆಯುತ್ತಿದ್ದುದು ಸುಮಾರು 2.3 ಲಕ್ಷ ಹೆಕ್ಟೇರಿನಲ್ಲಿ; ಈಗ ಅದು 31 ಲಕ್ಷ ಹೆಕ್ಟೇರನ್ನು ಮೀರಿದೆ. ದೇಶದ ಪಡಿತರ ಚೀಲ ತುಂಬಬೇಕಾಗಿತ್ತು. ಅದಕ್ಕಾಗಿ ಬೆಂಬಲ ಬೆಲೆ, ಖಚಿತ ಖರೀದಿ, ಪಂಪುಸೆಟ್ಟಿಗೆ ಅಗ್ಗದ ವಿದ್ಯುತ್ತು ಎಲ್ಲವೂ ಬಂದವು, ಅಂತರ್ಜಲ ಪಾತಾಳಕ್ಕಿಳಿಯಿತು. ಆ ನೀರನ್ನು ಉಳಿಸಲೆಂದು ಪಂಜಾಬು ಮತ್ತು ಹರಿಯಾಣಗಳು 2009ರಲ್ಲಿ ಕಾಯಿದೆ ಮಾಡಿ ನಾಟಿಯನ್ನು ಜೂನ್ ಮಧ್ಯದ ಕಡೆಗೆ ತಳ್ಳಿದವು. ಉದ್ದೇಶ ಒಳ್ಳೆಯದೇ. ಆದರೆ ನಾಟಿ ತಡವಾದರೆ ಕೊಯ್ಲೂ ತಡವಾಗುತ್ತದೆ. ಭತ್ತ ಕೊಯ್ದು ಗೋಧಿ ಬಿತ್ತುವುದರ ನಡುವೆ ರೈತನಿಗೆ ಉಳಿಯುವುದು ಎರಡು ಮೂರು ವಾರ ಮಾತ್ರ. ಕೂಲಿಯಾಳುಗಳ ಕೈಕುಡುಗೋಲಿನ ಜಾಗಕ್ಕೆ ಬಂದ ಕಂಬೈನ್ ಯಂತ್ರ ತೆನೆಯನ್ನು ಕತ್ತರಿಸಿ ಒಯ್ಯುತ್ತದೆ. ಮೊಣಕಾಲೆತ್ತರದ ಕೂಳೆಯನ್ನೂ ಚೆಲ್ಲಾಪಿಲ್ಲಿಯಾದ ಹುಲ್ಲನ್ನೂ ಹೊಲದಲ್ಲಿಯೇ ಬಿಟ್ಟು ಹೋಗುತ್ತದೆ. ಅದರ ಮೇಲೆ ಗೋಧಿಯ ಕೂರಿಗೆ ಓಡುವುದಿಲ್ಲ. ಒಂದು ಬೆಂಕಿಕಡ್ಡಿಯ ಬೆಲೆ ಎಷ್ಟೆಂಬುದು ಎಲ್ಲರಿಗೂ ಗೊತ್ತು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಅದೇ ರೈತ, ಅದೇ ಹೊಲದಲ್ಲಿ, ಆರು ತಿಂಗಳ ನಂತರ ಗೋಧಿ ಕೊಯ್ಯುತ್ತಾನೆ. ಅಲ್ಲಿಯೂ ಕಂಬೈನ್ ಓಡುತ್ತದೆ, ಅಲ್ಲಿಯೂ ಕೂಳೆ ಉಳಿಯುತ್ತದೆ. ಆದರೆ ಅದರ ಬಹುಭಾಗವನ್ನು ಅವನು ಸುಡುವುದಿಲ್ಲ. ಇನ್ನೊಂದು ಯಂತ್ರ ಹಾಯಿಸಿ, ಕತ್ತರಿಸಿ, ಟ್ರಾಲಿಯಲ್ಲಿ ತುಂಬಿ ಮನೆಗೆ ಒಯ್ಯುತ್ತಾನೆ. ಅಲ್ಲಿನ ಮಾತಿನಲ್ಲಿ ಅದು ತೂಡಿ. ಎಮ್ಮೆಗಳ ವರ್ಷದ ಮೇವು. ಮಿಕ್ಕಿದ್ದಕ್ಕೆ ಬೆಲೆಯೂ ಇದೆ. ಭತ್ತದ ಹುಲ್ಲಿನಲ್ಲಿ ಸಿಲಿಕಾ ಹೆಚ್ಚೆಂದು ಆ ಸೀಮೆಯವರು ಅದನ್ನು ದನಗಳಿಗೆ ಹಾಕಲು ಹಿಂಜರಿಯುತ್ತಾರೆ. ನಮ್ಮ ಸೀಮೆಯಲ್ಲಿ ಅದೇ ಭತ್ತದ ಹುಲ್ಲು ದನದ ಮುಖ್ಯ ಆಹಾರ. ಹಾಗಾದರೆ ಕಸವೆಂಬುದು ಹುಲ್ಲಿನೊಳಗೆ ಇರುವ ಗುಣವೆ? ಖಂಡಿತ ಅಲ್ಲ. ಉಪಯೋಗ, ಸಮಯ, ಬೆಲೆ ಮೂರೂ ಕೂಡಿಬಂದಲ್ಲಿ ಅದು ಸೊತ್ತು. ಮೂರರಲ್ಲಿ ಒಂದು ತಪ್ಪಿದಲ್ಲಿ ಅದು ಕಸ. ಪಂಜಾಬಿನ ಭತ್ತದ ಹುಲ್ಲಿಗೆ ಮೂರೂ ತಪ್ಪಿವೆ. ಅವುಗಳಲ್ಲಿ ಕೊನೆಯ ಎರಡು ತಪ್ಪಿರುವುದು ರೈತನಿಂದಲ್ಲ, ಸರಕಾರಗಳ ನೀತಿಗಳಿಂದ.

ಸುಡುವುದರಿಂದ ಆಗುವ ನಷ್ಟವನ್ನು ರೈತ ಅರಿಯನೆಂದಲ್ಲ. ಒಂದು ಟನ್ ಭತ್ತದ ಹುಲ್ಲು ಸುಟ್ಟರೆ ಸುಮಾರು 5.5 ಕಿಲೋ ಸಾರಜನಕ, 2.3 ಕಿಲೋ ರಂಜಕ, 25 ಕಿಲೋ ಪೊಟ್ಯಾಷ್ ಮತ್ತು 1.2 ಕಿಲೋ ಗಂಧಕ ಬೆಂಕಿಯ ಪಾಲಾಗುತ್ತವೆಂದು ಕೃಷಿ ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಹುಲ್ಲಿನ ಇಂಗಾಲವಂತೂ ಪೂರ್ತಿಯಾಗಿ ಗಾಳಿಗೆ ಹೋಗುತ್ತದೆ. ಪಂಜಾಬೊಂದರಲ್ಲಿಯೇ ವರ್ಷಕ್ಕೆ ಸುಮಾರು 2 ಕೋಟಿ ಟನ್ ಭತ್ತದ ಹುಲ್ಲು ಉಳಿಯುತ್ತದೆ. ಇಡೀ ದೇಶದಲ್ಲಿ ಎಲ್ಲ ಬೆಳೆಗಳ ಉಳಿಕೆ ಸುಮಾರು 50 ಕೋಟಿ ಟನ್ ಎಂಬುದು ಸರಕಾರದ ಅಂದಾಜು. ಹೊರದೇಶಗಳಿಂದ ಪೊಟ್ಯಾಷ್ ತರಿಸಿ, ಸಹಾಯಧನ ಕೊಟ್ಟು ಹೊಲಕ್ಕೆ ಹಾಕಿಸುವ ದೇಶ, ಹೊಲದಲ್ಲಿಯೇ ಹುಟ್ಟಿದ ಪೊಟ್ಯಾಷನ್ನು ಕಣ್ಣೆದುರಿಗೆ ಕಳೆದುಕೊಳ್ಳುತ್ತದೆ. ಇದು ಒಬ್ಬ ರೈತನ ಅವಿವೇಕವಲ್ಲ, ಒಂದು ರಾಷ್ಟ್ರದ ಲೆಕ್ಕಪತ್ರದಲ್ಲಿರುವ ದೋಷ.

ಸರಕಾರ ಸುಮ್ಮನಿರಲಿಲ್ಲ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರ ಡಿಸೆಂಬರಿನಲ್ಲಿ ಸುಡುವುದನ್ನು ನಿಷೇಧಿಸಿ, ಹಿಡುವಳಿಯ ಪ್ರಮಾಣಕ್ಕೆ ತಕ್ಕಂತೆ 2,500, 5,000 ಮತ್ತು 15,000 ರೂಪಾಯಿಗಳ ದಂಡ ಗೊತ್ತುಪಡಿಸಿತು. ಕೇಂದ್ರ ಸರಕಾರ 2024ರ ನವೆಂಬರಿನಲ್ಲಿ ಅದನ್ನು ಇಮ್ಮಡಿಗೊಳಿಸಿತು. 2018-19ರಿಂದ ಕೂಳೆಯ ನಡುವೆಯೇ ಗೋಧಿ ಬಿತ್ತುವ ಹ್ಯಾಪಿ ಸೀಡರ್, ಹುಲ್ಲನ್ನು ಪಿಂಡಿ ಕಟ್ಟುವ ಬೇಲರ್ ಮುಂತಾದ ಯಂತ್ರಗಳಿಗೆ ಒಬ್ಬೊಬ್ಬ ರೈತನಿಗೆ ಶೇ. 50, ಬಾಡಿಗೆ ಕೇಂದ್ರಗಳಿಗೆ ಶೇ. 80 ಸಹಾಯಧನ ಬಂತು. 2020ರಿಂದ ಪೂಸಾ ಸಂಸ್ಥೆಯ ಶಿಲೀಂಧ್ರ ದ್ರಾವಣವನ್ನು ಸಿಂಪಡಿಸಿ ಹುಲ್ಲನ್ನು ಹೊಲದಲ್ಲಿಯೇ ಕೊಳೆಸುವ ಪ್ರಯೋಗಗಳೂ ನಡೆದವು. ಆದರೆ ಅದು ಕೊಳೆಯಲು ಬೇಕಾಗುವುದು ಸುಮಾರು 25 ದಿನ. ರೈತನ ಕೈಯಲ್ಲಿ ಇರುವುದು ಹೆಚ್ಚೆಂದರೆ ಅಷ್ಟೇ ದಿನ. ಯಂತ್ರಗಳೋ, ವರ್ಷದಲ್ಲಿ ಮೂರು ವಾರ ಎಲ್ಲರಿಗೂ ಒಮ್ಮೆಗೇ ಬೇಕು. ಉಳಿದ ಹನ್ನೊಂದು ತಿಂಗಳು ಯಾರಿಗೂ ಬೇಡ. ಐದೆಕರೆಯವನು ಸರದಿಯಲ್ಲಿ ಕೊನೆಗೆ ನಿಲ್ಲುತ್ತಾನೆ.

ಆದರೂ ಪ್ರಯತ್ನ ವ್ಯರ್ಥವಾಗಿಲ್ಲ. ಉಪಗ್ರಹಗಳು ಎಣಿಸಿದಂತೆ ಪಂಜಾಬಿನಲ್ಲಿ 2021ರಲ್ಲಿ 71,304 ಇದ್ದ ಬೆಂಕಿ ಪ್ರಕರಣಗಳು 2024ರಲ್ಲಿ 10,909ಕ್ಕೆ ಇಳಿದವು; 2025ರಲ್ಲಿ ಇನ್ನೂ ಕಡಿಮೆಯಾದವು. ಉಪಗ್ರಹ ಹಾದುಹೋದ ಮೇಲೆ ಬೆಂಕಿ ಇಡುವವರಿದ್ದಾರೆ, ಆದುದರಿಂದ ಈ ಎಣಿಕೆಯನ್ನು ಪೂರ್ತಿ ನಂಬಲಾಗದು ಎಂಬ ಆಕ್ಷೇಪವೂ ಇದೆ, ಅದನ್ನು ತಳ್ಳಿಹಾಕುವಂತಿಲ್ಲ. ಆದರೆ ನಮ್ಮವರು ನೆನಪಿಡಬೇಕಾದ ಮಾತು ಬೇರೆ ಇದೆ. ದೆಹಲಿಯ ಸೂಕ್ಷ್ಮ ಧೂಳಿನಲ್ಲಿ ಹುಲ್ಲಿನ ಹೊಗೆಯ ಪಾಲು ನವೆಂಬರಿನ ಕೆಲವು ದಿನ ಮೂರನೆಯ ಒಂದು ಭಾಗವನ್ನು ಮುಟ್ಟುವುದುಂಟು. ಡಿಸೆಂಬರಿನ ಹೊತ್ತಿಗೆ ಅದು ಇಲ್ಲವೆನ್ನುವಷ್ಟು ತಗ್ಗುತ್ತದೆ, ಗಾಳಿ ಮಾತ್ರ ತಿಳಿಯಾಗುವುದಿಲ್ಲ. ಅಂದರೆ ಉಳಿದ ಹೊಗೆ ನಮ್ಮ ವಾಹನಗಳದು, ನಮ್ಮ ಕಟ್ಟಡಗಳದು, ನಮ್ಮ ವಿದ್ಯುತ್ತಿನದು. ನಗರದ ಪಾಪವನ್ನು ಹಳ್ಳಿಯ ತಲೆಗೆ ಕಟ್ಟುವುದು ಸುಲಭ, ಏಕೆಂದರೆ ಹಳ್ಳಿಯವನು ನಮ್ಮ ಪಕ್ಕದ ಕುರ್ಚಿಯಲ್ಲಿ ಕುಳಿತಿರುವುದಿಲ್ಲ.

ಈಗ ಕಥೆಯ ಎರಡನೆಯ ಭಾಗ ಆರಂಭವಾಗಿದೆ. ಇಷ್ಟು ದಿನ ಬೇಡವಾಗಿದ್ದ ಹುಲ್ಲಿಗೆ ಬೇಡಿಕೆ ಹುಟ್ಟಿದೆ. ಪಾಣಿಪತ್‌ನಲ್ಲಿ 2022ರ ಆಗಸ್ಟಿನಲ್ಲಿ ಉದ್ಘಾಟನೆಯಾದ ಕಾರ್ಖಾನೆಯ ಗುರಿ ವರ್ಷಕ್ಕೆ 2 ಲಕ್ಷ ಟನ್ ಹುಲ್ಲಿನಿಂದ 3 ಕೋಟಿ ಲೀಟರ್ ಎಥನಾಲ್ ತೆಗೆಯುವುದು. ಸಂಗ್ರೂರ್ ಜಿಲ್ಲೆಯ ಲೆಹರಾಗಾಗಾದಲ್ಲಿ ಅದೇ ವರ್ಷ ಹುಲ್ಲಿನಿಂದ ಅನಿಲ ತೆಗೆಯುವ ದೊಡ್ಡ ಘಟಕ ಬಂತು. ಕಲ್ಲಿದ್ದಲಿನ ಜೊತೆಗೆ ಶೇ. 5ರಷ್ಟು ಕೃಷಿ ಉಳಿಕೆಯ ಉಂಡೆಗಳನ್ನು ಉರಿಸಬೇಕೆಂದು ಕೇಂದ್ರ ಇಂಧನ ಇಲಾಖೆ 2021ರಲ್ಲಿ ನೀತಿ ರೂಪಿಸಿತು. ಇವೆಲ್ಲ ಸ್ವಾಗತಾರ್ಹ. ಆದರೆ ಹುಲ್ಲನ್ನು ಬೆಳೆದವನಿಗೆ ಇದರಲ್ಲಿ ಏನು ಬಂತು? ಎಷ್ಟೋ ಕಡೆ, ಹೊಲ ಬೇಗ ತೆರವಾದರೆ ಸಾಕೆಂದು ರೈತ ಹುಲ್ಲನ್ನು ಪುಕ್ಕಟೆಯಾಗಿ ಬಿಟ್ಟುಕೊಡುತ್ತಾನೆ. ಪಿಂಡಿ ಕಟ್ಟಿ ಸಾಗಿಸುವವನಿಗೆ ಹಣವಿದೆ, ಉಂಡೆ ಮಾಡುವವನಿಗೆ ಹಣವಿದೆ, ಉರಿಸುವವನಿಗೆ ಹಸಿರು ಎಂಬ ಹೆಸರಿದೆ. ಸುಡದೆ ಉಳಿಸಿದ ಸಣ್ಣ ರೈತರಿಗೆ ಕ್ವಿಂಟಾಲಿಗೆ 100 ರೂಪಾಯಿ ಕೊಡಿರೆಂದು 2019ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಪಂಜಾಬು, ಹರಿಯಾಣ, ಉತ್ತರ ಪ್ರದೇಶಗಳಿಗೆ ಆದೇಶಿಸಿತು. ರೈತನೂ ಈ ಲೆಕ್ಕದಲ್ಲಿ ಒಬ್ಬ ಪಾಲುದಾರನೆಂಬುದನ್ನು ಸ್ಪಷ್ಟವಾಗಿ ಒಪ್ಪಿದ ಅಪರೂಪದ ಆದೇಶ ಅದು. ಅದು ಸ್ಥಿರವಾದ ನೀತಿಯಾಗಿ ಬೇರೂರಲಿಲ್ಲ.

ಇದು ಉತ್ತರದವರ ಕಥೆ, ನಮಗೇನು ಎನ್ನುವವರು ಇನ್ನು ಕಬ್ಬಿನ ಕಡೆಗೆ ತಿರುಗಿ ನೋಡಬೇಕು. ಪಂಜಾಬಿನ ಹುಲ್ಲು ಇಂದು ನಿಂತಿರುವ ಹಾದಿಯಲ್ಲಿ ನಮ್ಮ ಕಬ್ಬು ಐವತ್ತು ವರ್ಷಗಳಷ್ಟು ಮುಂದೆ ನಡೆದಿದೆ. ಆ ಹಾದಿ ಎಲ್ಲಿಗೆ ಹೋಗುತ್ತದೆಂಬುದನ್ನು ಅದು ತೋರಿಸಬಲ್ಲದು. ಉತ್ತರ ಪ್ರದೇಶ ಮತ್ತು ಮಹಾರಾಷ್ಟ್ರಗಳನ್ನು ಬಿಟ್ಟರೆ ದೇಶದಲ್ಲಿ ಅತಿ ಹೆಚ್ಚು ಕಬ್ಬು ಬೆಳೆಯುವುದು ಕರ್ನಾಟಕ. ಒಂದು ಟನ್ ಕಬ್ಬು ಅರೆದರೆ ಸುಮಾರು ಒಂದು ಕ್ವಿಂಟಾಲು ಸಕ್ಕರೆ ಬರುತ್ತದೆ. ಜೊತೆಗೆ 300 ಕಿಲೋದಷ್ಟು ಹಸಿ ಸಿಪ್ಪೆ, 40ರಿಂದ 45 ಕಿಲೋ ಕಾಕಂಬಿ, 30ರಿಂದ 40 ಕಿಲೋ ಮಡ್ಡಿ ಬರುತ್ತವೆ. ಒಂದು ಕಾಲದಲ್ಲಿ ಸಿಪ್ಪೆಯನ್ನು ಹೇಗಾದರೂ ಉರಿಸಿ ಮುಗಿಸುವುದೇ ಕಾರ್ಖಾನೆಗಳ ಚಿಂತೆಯಾಗಿತ್ತು. ಕಾಕಂಬಿಯ ವಿಲೇವಾರಿ ತಲೆನೋವಾಗಿತ್ತು. ಇಂದು ಸಿಪ್ಪೆ ವಿದ್ಯುತ್ತಾಗಿ ಗ್ರಿಡ್ಡಿಗೆ ಹೋಗುತ್ತದೆ, ಕಾಕಂಬಿ ಎಥನಾಲ್ ಆಗಿ ಪೆಟ್ರೋಲಿನಲ್ಲಿ ಬೆರೆಯುತ್ತದೆ, ಮಡ್ಡಿ ಗೊಬ್ಬರವಾಗಿ ಮಾರಾಟವಾಗುತ್ತದೆ. 2025ರಲ್ಲಿ ಪೆಟ್ರೋಲಿಗೆ ಶೇ. 20 ಎಥನಾಲ್ ಬೆರೆಸುವ ಗುರಿಯನ್ನು ದೇಶ ಮುಟ್ಟಿತು. ಕಸದಿಂದ ರಸ ತೆಗೆಯುವುದು ಎಂದರೆ ಇದೇ.

ಆದರೆ ಇದೇ ಕಬ್ಬಿನಲ್ಲಿ ಇನ್ನೊಂದು ಉಳಿಕೆ ಇದೆ. ಕಟಾವಿನ ನಂತರ ಹೊಲದಲ್ಲಿ ಬಿದ್ದಿರುವ ಒಣಗರಿ. ಮಂಡ್ಯದವರಿಗೆ ಅದು ತರಗು, ಬೆಳಗಾವಿ ಸೀಮೆಗೆ ರವದಿ. ಹೆಕ್ಟೇರಿಗೆ ಎಂಟು ಹತ್ತು ಟನ್ನಿನಷ್ಟು ಬೀಳುತ್ತದೆ. ಅದನ್ನು ಸಾಲುಗಳ ನಡುವೆ ಹರಡಿ ಕೊಳೆಸಿದರೆ ನೀರು ಉಳಿಯುತ್ತದೆ, ಕಳೆ ತಗ್ಗುತ್ತದೆ, ಮಣ್ಣು ಮೃದುವಾಗುತ್ತದೆ ಎಂಬುದನ್ನು ಮಾಡಿ ತೋರಿಸಿದ ರೈತರು ನಮ್ಮಲ್ಲಿ ಅನೇಕರಿದ್ದಾರೆ. ಆದರೂ ಬಹಳ ಕಡೆ ರಾತ್ರೋರಾತ್ರಿ ಅದಕ್ಕೆ ಬೆಂಕಿ ಬೀಳುತ್ತದೆ. ಅದನ್ನು ಯಾವ ಕಾರ್ಖಾನೆಯೂ ಕೇಳಲಿಲ್ಲ. ಆದುದರಿಂದ ಅದು ರೈತನ ಹೊಲದಲ್ಲಿಯೇ, ರೈತನ ತಪ್ಪಾಗಿಯೇ ಉಳಿಯಿತು. ಕಬ್ಬಿನ ಜೊತೆಗೆ ಗಾಡಿಯೇರಿ ಗೇಟು ದಾಟಿದ ಉಳಿಕೆಗಳು ಮಾತ್ರ ಸಂಪತ್ತಾದವು. ಕಸವಾಗಿ ಉಳಿದದ್ದು ರೈತನದು, ರಸವಾಗಿ ಬದಲಾದದ್ದು ಕಾರ್ಖಾನೆಯದು. ಕೃಷಿ ಉಳಿಕೆಗಳ ಬಗ್ಗೆ ನಾವು ಆಡುವ ಎಲ್ಲ ಸೊಗಸಾದ ಮಾತುಗಳ ಅಡಿಯಲ್ಲಿ ಹರಿಯುತ್ತಿರುವ ಅನ್ಯಾಯ ಇದು.

ಈ ಪಾಲಿನ ಪ್ರಶ್ನೆ ಹೊಸದಲ್ಲ. ಕಾರ್ಖಾನೆಯ ಹೆಚ್ಚುವರಿ ಲಾಭದಲ್ಲಿ ಬೆಳೆಗಾರನಿಗೆ ಅರ್ಧ ಸಲ್ಲಬೇಕೆಂಬ ಭಾರ್ಗವ ಆಯೋಗದ ಸೂತ್ರವನ್ನು 1974ರಲ್ಲಿ ಕಬ್ಬು ನಿಯಂತ್ರಣ ಆಜ್ಞೆಯೊಳಗೆ ಸೇರಿಸಲಾಗಿತ್ತು. 2009ರಲ್ಲಿ ನ್ಯಾಯೋಚಿತ ಮತ್ತು ಲಾಭದಾಯಕ ದರದ ಪದ್ಧತಿ ಬಂದಾಗ ಆ ಸೂತ್ರವನ್ನು ಕೈಬಿಡಲಾಯಿತು. ದರ ನಿಗದಿಯಲ್ಲಿ ಸಿಪ್ಪೆ, ಕಾಕಂಬಿ, ಮಡ್ಡಿಗಳ ಆದಾಯವನ್ನು ಪರಿಗಣಿಸಬೇಕೆಂಬ ಮಾತು ಮಾತ್ರ ಉಳಿಯಿತು. 2012ರಲ್ಲಿ ರಂಗರಾಜನ್ ಸಮಿತಿ ಸ್ಪಷ್ಟವಾದ ಲೆಕ್ಕ ಕೊಟ್ಟಿತು: ಸಕ್ಕರೆ ಮತ್ತು ಮೊದಲ ಹಂತದ ಉಪೋತ್ಪನ್ನಗಳ ಒಟ್ಟು ಮೌಲ್ಯದಲ್ಲಿ ಶೇ. 70, ಅಥವಾ ಸಕ್ಕರೆಯೊಂದರ ಮೌಲ್ಯದಲ್ಲಿ ಶೇ. 75 ಬೆಳೆಗಾರನಿಗೆ ಸಲ್ಲತಕ್ಕದ್ದು. ಕರ್ನಾಟಕ 2013ರಲ್ಲಿ ತನ್ನದೇ ಕಾಯಿದೆ ಮಾಡಿ ಕಬ್ಬು ನಿಯಂತ್ರಣ ಮಂಡಳಿಯನ್ನು ಸ್ಥಾಪಿಸಿತು. ಇಷ್ಟೆಲ್ಲ ಇದ್ದೂ 2025ರ ನವೆಂಬರಿನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರದಲ್ಲಿ ರೈತರು ಟನ್ನಿಗೆ 3,500 ರೂಪಾಯಿ ಕೇಳುತ್ತ ಹಗಲು ರಾತ್ರಿ ರಸ್ತೆಯಲ್ಲಿ ಕೂರಬೇಕಾಯಿತು. ಅದು 3,300 ರೂಪಾಯಿಯ ಸೂತ್ರಕ್ಕೆ ಬಂದು ನಿಂತಿತು. ರಾಜ್ಯೋತ್ಸವದ ತಿಂಗಳಲ್ಲಿ ಕನ್ನಡದ ರೈತ ನಡುರಸ್ತೆಯಲ್ಲಿದ್ದನೆಂಬುದನ್ನು ಹೊರನಾಡಿನ ನಾವು ಮರೆಯಲಾಗದು.

ಕಾರ್ಖಾನೆಗಳಿಗೂ ಒಂದು ವಾದವಿದೆ. ಅದನ್ನು ಕೇಳದೆ ತೀರ್ಪು ಕೊಟ್ಟರೆ ಪಂಜಾಬಿನ ರೈತನಿಗೆ ಮಾಡಿದ್ದನ್ನೇ ಇವರಿಗೂ ಮಾಡಿದಂತಾಗುತ್ತದೆ. ಸಕ್ಕರೆಯ ಬೆಲೆ ಮಾರುಕಟ್ಟೆಯಲ್ಲಿ ಏರಿಳಿಯುತ್ತದೆ, ಕಬ್ಬಿನ ದರ ಮಾತ್ರ ಕಾನೂನಿನಿಂದ ಏರುತ್ತದೆ. ಎಥನಾಲಿನ ಬೆಲೆಯನ್ನು ಗೊತ್ತುಪಡಿಸುವುದು ಸರಕಾರ. ವಿದ್ಯುತ್ ಘಟಕಕ್ಕೆ ಹಾಕಿದ ಬಂಡವಾಳ ಸಾಲದ್ದು ಎನ್ನುತ್ತಾರೆ ಅವರು. ಇದರಲ್ಲಿ ಸತ್ಯವಿದೆ. ಯಂತ್ರ ಹೂಡಿದವನಿಗೂ ಪ್ರತಿಫಲ ಬೇಕು, ಶೇ. 70ರ ಸೂತ್ರದಲ್ಲಿ ಉಳಿದ ಶೇ. 30 ಅದಕ್ಕಾಗಿಯೇ ಇರುವುದು. ತೊಡಕು ಇರುವುದು ಲೆಕ್ಕ ಎಲ್ಲಿಗೆ ನಿಲ್ಲುತ್ತದೆ ಎಂಬಲ್ಲಿ. ಮೊದಲ ಹಂತದ ಉಪೋತ್ಪನ್ನವೆಂದರೆ ಸಿಪ್ಪೆ, ಕಾಕಂಬಿ, ಮಡ್ಡಿ. ಅವುಗಳಿಂದ ಹುಟ್ಟುವ ವಿದ್ಯುತ್ತು ಮತ್ತು ಎಥನಾಲ್ ಎರಡನೆಯ ಹಂತದವು, ಅವು ಲೆಕ್ಕದ ಹೊರಗೆ. 2018ರಿಂದೀಚೆಗೆ ಸಕ್ಕರೆ ಪೂರ್ತಿ ತೆಗೆಯದ ಕಾಕಂಬಿಯಿಂದಲೂ ನೇರ ಕಬ್ಬಿನ ಹಾಲಿನಿಂದಲೂ ಎಥನಾಲ್ ಮಾಡುವುದಕ್ಕೆ ಉತ್ತೇಜನ ದೊರೆತ ಮೇಲೆ ಯಾವುದು ಮುಖ್ಯ ಉತ್ಪನ್ನ, ಯಾವುದು ಉಪ ಎಂಬುದೇ ಅಸ್ಪಷ್ಟವಾಗಿದೆ. ಉಪ ಎಂಬ ಎರಡಕ್ಷರದ ಉಪಸರ್ಗ ಯಾರ ಜೇಬಿಗೆ ಎಷ್ಟು ಹೋಗಬೇಕೆಂಬುದನ್ನು ತೀರ್ಮಾನಿಸುವಷ್ಟು ಬಲಶಾಲಿಯಾಗಿ ಬೆಳೆದಿದೆ. ಕಡತಗಳ ನಡುವೆ ಬದುಕು ಸವೆಸಿದವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ವ್ಯಾಖ್ಯೆಯನ್ನು ಬರೆದವನೇ ಅರ್ಧ ವ್ಯಾಜ್ಯವನ್ನು ಗೆದ್ದಿರುತ್ತಾನೆ.

ನಮ್ಮ ಭಾಷೆ ಈ ವಿಷಯದಲ್ಲಿ ಆಡಳಿತದ ಭಾಷೆಗಿಂತ ವಿವೇಕಿಯಾಗಿತ್ತು. ಕೃಷಿ ತ್ಯಾಜ್ಯವೆಂಬ ಮಾತು ನಮ್ಮ ಅಜ್ಜಂದಿರಿಗೆ ತಿಳಿದಿರಲಿಲ್ಲ. ಜೋಳದ ದಂಟು ಕಣಿಕೆ, ಮೆಕ್ಕೆಜೋಳದ್ದು ಸೊಪ್ಪೆ, ಬೇಳೆಕಾಳಿನದು ಹೊಟ್ಟು, ಅಕ್ಕಿಯ ಮೇಲಿನ ಪದರ ತೌಡು, ಒಡೆದದ್ದು ನುಚ್ಚು, ಗಾಣದಲ್ಲಿ ಉಳಿದದ್ದು ಹಿಂಡಿ, ತೆಂಗಿನ ಗರಿ ಸೋಗೆ, ಅಡಿಕೆಯದು ಹಾಳೆ. ಒಲೆಯಲ್ಲಿ ಉಳಿದ ಬೂದಿಗೂ ಒಂದು ಕೆಲಸವಿತ್ತು. ಹೆಸರಿದ್ದದ್ದಕ್ಕೆಲ್ಲ ಒಂದು ಜಾಗವಿತ್ತು, ಜಾಗವಿದ್ದದ್ದಕ್ಕೆಲ್ಲ ಒಬ್ಬ ಹಕ್ಕುದಾರನಿದ್ದ. ಎಲ್ಲದರ ಕೊನೆಯ ತಂಗುದಾಣ ತಿಪ್ಪೆ. ಅಲ್ಲಿಂದ ಮತ್ತೆ ಹೊಲ. ಆದರೆ ಆ ಕಾಲವನ್ನು ಹೊಗಳಿ ಕೂರುವುದು ನಮ್ಮ ಉದ್ದೇಶವಲ್ಲ. ಆ ಚಕ್ರವನ್ನು ತಿರುಗಿಸುತ್ತಿದ್ದ ಕೈಗಳು ಯಾರವು? ಸಗಣಿ ಬಾಚಿ ತಲೆಯ ಮೇಲೆ ಹೊತ್ತ ಹೆಂಗಸರವು, ಜೀತದಾಳುಗಳವು, ಕೇರಿಯ ಆಚೆಗಿನವರವು. ಅವರ ದುಡಿಮೆಗೆ ಬೆಲೆ ಇಲ್ಲದುದರಿಂದಲೇ ಆ ವ್ಯವಸ್ಥೆ ಅಷ್ಟು ಅಗ್ಗವಾಗಿ ನಡೆಯಿತು. ಎತ್ತುಗಳು ಹೋದವು, ಟ್ರ್ಯಾಕ್ಟರು ಬಂತು. ಆಳುಗಳು ಊರು ಬಿಟ್ಟರು, ಬಿಟ್ಟದ್ದು ಸರಿಯೇ. ಹಳೆಯ ಚಕ್ರ ಹಿಂದಕ್ಕೆ ಬರಲಾರದು, ಬರಬಾರದು. ಅದರಿಂದ ನಾವು ಉಳಿಸಿಕೊಳ್ಳಬೇಕಾದುದು ಒಂದೇ ತತ್ವ: ಮಣ್ಣಿನಿಂದ ಬಂದದ್ದರಲ್ಲಿ ಒಂದು ಪಾಲು ಮಣ್ಣಿಗೆ ಸೇರಬೇಕು.

ಈ ತತ್ವಕ್ಕೆ ವಿಜ್ಞಾನದ ಆಧಾರ ದೊರೆತದ್ದೂ ನಮ್ಮ ದೇಶದಲ್ಲಿಯೇ. ಆಲ್ಬರ್ಟ್ ಹೊವಾರ್ಡ್ ಅವರು 1924ರಿಂದ 1931ರವರೆಗೆ ಇಂದೋರಿನಲ್ಲಿದ್ದು, ಭಾರತೀಯ ರೈತರ ಪದ್ಧತಿಗಳನ್ನು ಅಭ್ಯಾಸ ಮಾಡಿ, ಬೆಳೆಯ ಉಳಿಕೆಗಳನ್ನು ಗೊಬ್ಬರ ಮಾಡುವ ಇಂದೋರ್ ವಿಧಾನವನ್ನು ರೂಪಿಸಿದರು. 1939ರ ವೇಳೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ಎನ್. ಆಚಾರ್ಯರು ಊರ ಕಸವನ್ನೂ ಮಲವನ್ನೂ ಗುಂಡಿಗಳಲ್ಲಿ ಪದರ ಪದರವಾಗಿ ಹಾಕಿ ಗೊಬ್ಬರ ಮಾಡುವ ಕ್ರಮವನ್ನು ಬಳಕೆಗೆ ತಂದರು; ಜಗತ್ತಿನ ಕೃಷಿ ಗ್ರಂಥಗಳಲ್ಲಿ ಅದು ಇಂದಿಗೂ ಬೆಂಗಳೂರು ವಿಧಾನವೆಂದೇ ಹೆಸರಾಗಿದೆ. ನಗರವು ಹಳ್ಳಿಯಿಂದ ಪಡೆದದ್ದನ್ನು ಹಳ್ಳಿಗೆ ಮರಳಿಸಬೇಕೆಂಬ ಚಿಂತನೆ ಅದರ ಬೇರಿನಲ್ಲಿದೆ. ಇಂದಿನ ಎಥನಾಲ್ ಘಟಕಗಳನ್ನೂ ಇಂಧನದ ಉಂಡೆಗಳನ್ನೂ ಈ ಅಳತೆಗೋಲಿನಿಂದ ನೋಡಬೇಕು. ಹುಲ್ಲನ್ನೆಲ್ಲ ಗುಡಿಸಿ ಉಷ್ಣ ವಿದ್ಯುತ್ ಸ್ಥಾವರದಲ್ಲಿ ಉರಿಸಿದರೆ ದೆಹಲಿಯ ಕಣ್ಣಿಗೆ ಹೊಗೆ ಕಾಣದೆ ಹೋಗಬಹುದು. ಹೊಲದ ಪಾಲಿಗೆ ಅಲ್ಲಿ ಸುಟ್ಟರೂ ಒಂದೇ, ಇಲ್ಲಿ ಸುಟ್ಟರೂ ಒಂದೇ.

ಹಂಚಿಕೆ ನ್ಯಾಯವಾಗಿ ನಡೆಯಬಲ್ಲದೆಂಬುದಕ್ಕೂ ನಮ್ಮಲ್ಲಿ ಸಣ್ಣದಾದರೂ ಬೆಲೆಯುಳ್ಳ ಒಂದು ನಿದರ್ಶನವಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಕೇಂದ್ರದವರು, ಎ. ಕೆ. ಎನ್. ರೆಡ್ಡಿಯವರ ಮುಂದಾಳುತನದಲ್ಲಿ, ತುಮಕೂರು ಜಿಲ್ಲೆಯ ಕುಣಿಗಲ್ ತಾಲೂಕಿನ ಪುರ ಎಂಬ ಹಳ್ಳಿಯಲ್ಲಿ ಸಮುದಾಯ ಗೋಬರ್ ಅನಿಲ ಘಟಕವನ್ನು ಕಟ್ಟಿದರು. ಮೊದಲು ಅಡುಗೆಗೆ ಅನಿಲ ಕೊಡುವ ಯೋಚನೆಯಿತ್ತು. ಊರಿನ ಸಗಣಿ ಅದಕ್ಕೆ ಸಾಲಲಿಲ್ಲ. ಜನರನ್ನು ಕೇಳಿದಾಗ ಅವರಿಗೆ ಬೇಕಾಗಿದ್ದುದು ಕುಡಿಯುವ ನೀರು. 1987ರಿಂದ ಆ ಅನಿಲದಲ್ಲಿ ಯಂತ್ರ ಓಡಿಸಿ ಊರಿಗೆ ನೀರೆತ್ತಿದರು, ದೀಪ ಹಚ್ಚಿದರು. ಗಮನಿಸಬೇಕಾದುದು ಲೆಕ್ಕದ ರೀತಿ. ಸಗಣಿ ತಂದವರಿಗೆ ತೂಕದ ಮೇಲೆ ಹಣ ಸಂದಿತು. ಅನಿಲ ತೆಗೆದ ಮೇಲೆ ಉಳಿದ ಗೊಬ್ಬರ ಅವರಿಗೇ ಮರಳಿತು. ಕೊಟ್ಟವನಿಗೆ ಬೆಲೆ, ಮಣ್ಣಿಗೆ ಸಾರ, ಊರಿಗೆ ಬೆಳಕು. ಕೋಟಿಗಟ್ಟಲೆ ರೂಪಾಯಿಯ ಇಂದಿನ ಯೋಜನೆಗಳಿಗೆ ಪುರ ಕಲಿಸಬಹುದಾದ ಪಾಠ ಇಷ್ಟೇ, ಇಷ್ಟು ದೊಡ್ಡದು.

ಈ ಹಿನ್ನೆಲೆಯಲ್ಲಿ ನಾವು ನಾಲ್ಕು ಮಾತುಗಳನ್ನು ನಿವೇದಿಸುತ್ತೇವೆ. ಮೊದಲನೆಯದು, ಹುಲ್ಲನ್ನು ಕೊಂಡೊಯ್ಯುವ ಪ್ರತಿಯೊಂದು ಕಾರ್ಖಾನೆಯೂ ಅದಕ್ಕೊಂದು ಕನಿಷ್ಠ ಬೆಲೆಯನ್ನು ಬೆಳೆದವನ ಖಾತೆಗೆ ನೇರವಾಗಿ ಸಲ್ಲಿಸಬೇಕು. ಸಹಾಯಧನ ಪಡೆದ ಘಟಕಗಳಿಗೆ ಇದು ಷರತ್ತಾಗಬೇಕು. ಎರಡನೆಯದು, ಸಕ್ಕರೆ ಕಾರ್ಖಾನೆಗಳ ವಿದ್ಯುತ್ತು ಮತ್ತು ಎಥನಾಲಿನ ಲೆಕ್ಕವೂ ಬಂಡವಾಳದ ವೆಚ್ಚ ಕಳೆದ ಮೇಲೆ ಪಾಲಿನ ಸೂತ್ರದೊಳಗೆ ಬರಬೇಕು. ಆ ಲೆಕ್ಕ ಬೆಳೆಗಾರನ ಭಾಷೆಯಲ್ಲಿ, ಅವನ ಕಣ್ಣಿಗೆ ಬೀಳುವಂತೆ ಪ್ರಕಟವಾಗಬೇಕು. ಮೂರನೆಯದು, ಮಣ್ಣಿನ ಪಾಲನ್ನು ಕಾನೂನು ಗುರುತಿಸಬೇಕು. ಹೊಲದಿಂದ ಎಷ್ಟು ಒಯ್ಯಬಹುದೆಂಬುದಕ್ಕೆ ಮಿತಿ ಇರಬೇಕು, ಅನಿಲ ಘಟಕದ ಗೊಬ್ಬರವೂ ಕಾರ್ಖಾನೆಯ ಮಡ್ಡಿಯೂ ಹಳ್ಳಿಗೆ ಮರಳಬೇಕು. ನಾಲ್ಕನೆಯದು, ರೈತನಿಗೆ ಸಮಯ ಕೊಡಬೇಕು. ಪೂಸಾ-44ರಂಥ ದೀರ್ಘಾವಧಿಯ ತಳಿಗಳ ಬದಲು ನಾಟಿಯ ನಂತರ ಸುಮಾರು 93 ದಿನಗಳಲ್ಲಿ ಕೊಯ್ಲಿಗೆ ಬರುವ ಪಿ.ಆರ್.-126 ಬಂದ ಮೇಲೆ ಪಂಜಾಬಿನಲ್ಲಿ ಹಲವರಿಗೆ ಉಸಿರಾಡುವಷ್ಟು ಬಿಡುವು ಸಿಕ್ಕಿದೆ. ಭತ್ತದಷ್ಟೇ ಖಚಿತವಾದ ಖರೀದಿ ಜೋಳಕ್ಕೂ ಬೇಳೆಗೂ ದೊರೆತರೆ ಸಮಸ್ಯೆಯ ಬುಡವೇ ಸಡಿಲವಾಗುತ್ತದೆ.

ಹೊರನಾಡಿನ ನಾವು ಇದರಲ್ಲಿ ಏನು ಮಾಡಬಲ್ಲೆವು ಎಂಬ ಪ್ರಶ್ನೆ ಸಹಜ. ನಮ್ಮಲ್ಲಿ ಹಲವರಿಗೆ ಊರಿನಲ್ಲಿ ಇಂದಿಗೂ ನಾಲ್ಕೆಕರೆ ಕಬ್ಬಿನ ಗದ್ದೆಯೋ ತೆಂಗಿನ ತೋಟವೋ ಇದೆ. ಪಾಲಿಗೋ ಗುತ್ತಿಗೆಗೋ ಕೊಟ್ಟಿದ್ದೇವೆ. ವರ್ಷಕ್ಕೊಮ್ಮೆ ಹೋದಾಗ ಪಾಲಿನ ಹಣವನ್ನು ಎಣಿಸಿಕೊಂಡು ಬರುವ ನಾವು, ತರಗಿಗೆ ಬೆಂಕಿ ಬಿತ್ತೆ ಎಂದು ಕೇಳುವುದು ಅಪರೂಪ. ತರಗನ್ನು ಹೊಲದಲ್ಲಿಯೇ ಕೊಳೆಸುವುದರಿಂದ ಬರುವ ಹೆಚ್ಚುವರಿ ಕೂಲಿಯನ್ನು ಒಡೆಯನಾದವನು ಭರಿಸಿದರೆ ಗುತ್ತಿಗೆದಾರ ಯಾಕೆ ಬೇಡವೆಂದಾನು? ಇನ್ನು ಕೆಲವರಿಗೆ ಸಹಕಾರಿ ಸಕ್ಕರೆ ಕಾರ್ಖಾನೆಗಳಲ್ಲಿ ತಂದೆಯ ಕಾಲದ ಷೇರುಗಳಿವೆ. ವಾರ್ಷಿಕ ಸಭೆಯ ಸೂಚನಾಪತ್ರ ಅಂಚೆಯಲ್ಲಿ ಬಂದಾಗ ಅದನ್ನು ರದ್ದಿಗೆ ಹಾಕುವ ಬದಲು, ಉಪೋತ್ಪನ್ನಗಳ ಲೆಕ್ಕವೆಲ್ಲಿ ಎಂದು ಒಂದು ಸಾಲಿನ ಪತ್ರವನ್ನಾದರೂ ಬರೆಯಬಹುದು. ಮಂತ್ರಾಲಯಗಳಲ್ಲಿ, ಬ್ಯಾಂಕುಗಳಲ್ಲಿ, ಸಂಶೋಧನಾಲಯಗಳಲ್ಲಿ ಕುಳಿತಿರುವ ಕನ್ನಡಿಗರು ತಮ್ಮ ಮೇಜಿನ ಮೇಲೆ ಬರುವ ಯೋಜನೆಗಳಲ್ಲಿ ಉಳಿಕೆಯನ್ನು ಬೆಳೆದವನ ಹೆಸರಿಗೆ ಒಂದು ಅಂಕಣವಿದೆಯೇ ಎಂದು ನೋಡಬಹುದು. ಅಂಕಣವಿಲ್ಲದ ಕಡೆ ಹಣ ಎಂದೂ ತಲುಪುವುದಿಲ್ಲ.

ಗಾಳಿಗೆ ರಾಜ್ಯದ ಗಡಿ ಇಲ್ಲವೆಂಬುದನ್ನು ನಾವು ಕೆಮ್ಮುತ್ತ ಕಲಿತಿದ್ದೇವೆ. ನ್ಯಾಯಕ್ಕೂ ಗಡಿ ಇರಬಾರದು. ಸಂಗ್ರೂರಿನ ರೈತನಿಗೆ ಅವನ ಹುಲ್ಲಿನ ಬೆಲೆ ಸಲ್ಲಲೆಂದು ಕೇಳುವ ದನಿ ಮೂಡಲಗಿಯ ರೈತನಿಗೆ ಅವನ ಸಿಪ್ಪೆಯ ಪಾಲು ಸಲ್ಲಲೆಂದೂ ಕೇಳಬೇಕು. ಎರಡೂ ಸೀಮೆಗಳ ಅನ್ನ ಉಂಡು ಬಾಳುತ್ತಿರುವ ಹೊರನಾಡ ಕನ್ನಡಿಗರಿಗೆ ಹಾಗೆ ಕೇಳುವ ಹಕ್ಕಿದೆ, ಹೊಣೆಯೂ ಇದೆ.